ಮಳೆಯ ಊರುಗಳಲ್ಲಿ ಡೇರೆ ಹೂಡಿ

ಸರ್ಕಾರಿ ಸೇವೆಯಲ್ಲಿದ್ದ ಮೂರು ದಶಕಗಳಲ್ಲಿ ನೆರೆ ಬಂದ ಊರುಗಳನ್ನು ಜೀಪಿನಲ್ಲಿ ಕುಳಿತು ನೋಡಿದ್ದೇನೆ, ದೋಣಿಯಲ್ಲಿ ಸುತ್ತಿದ್ದೇನೆ. ಆದರೆ ಏರುತ್ತಿರುವ ತೊರೆಯ ಬದಿಯಲ್ಲಿ ಮಲಗಿದ್ದು, ‘ಎದ್ದು ಬೇರೆಡೆಗೆ ನಡೆಯಿರಿ’ ಎಂದು ಮತ್ತೊಬ್ಬರಿಂದ ಹೇಳಿಸಿಕೊಂಡದ್ದು ನಿವೃತ್ತನಾದ ಮೇಲೆ. ಅದೂ ಆಸ್ಟ್ರೇಲಿಯಾದ ಒಂದು ಸಣ್ಣ ಊರಿನಲ್ಲಿ, ಬಾಡಿಗೆಗೆ ತಂದ ಡೇರೆಯೊಳಗೆ.

2022ರ ಸೆಪ್ಟೆಂಬರಿನಲ್ಲಿ ನಾನೂ ನನ್ನ ಪತ್ನಿಯೂ ಸಿಡ್ನಿಯಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಮೂರು ವಾರ ಕಳೆಯುವಷ್ಟರಲ್ಲಿ ಮೊಮ್ಮಗನ ಶಾಲೆ, ಸೂಪರ್ ಮಾರ್ಕೆಟ್, ಸಮುದ್ರತೀರ ಎಲ್ಲವೂ ಮುಗಿದು, ಮಕ್ಕಳ ಮನೆಗೆ ಹೋದ ಹಿರಿಯರಿಗೆ ವಿದೇಶದಲ್ಲಿ ಬರುವ ಆ ಒಂದು ಬಗೆಯ ಬೇಸರ ನಮ್ಮನ್ನೂ ಹಿಡಿಯಿತು. ಒಳನಾಡನ್ನು ನೋಡಿ ಬರೋಣವೆಂಬ ಯೋಚನೆ ನನ್ನದು. ಹೋಟೆಲಿನ ಬದಲು ಡೇರೆಯಲ್ಲಿ ಉಳಿಯೋಣ ಎಂದದ್ದು ನನ್ನ ಪತ್ನಿ. ‘ನೀವು ಜನರನ್ನೆಲ್ಲ ಟೆಂಟಿನಲ್ಲಿ ಇರಿಸಿದವರು. ಒಮ್ಮೆ ನೀವೂ ಇದ್ದು ನೋಡಿ’ ಎಂದಳು. ತಮಾಷೆಗೆ ಹೇಳಿದ ಮಾತೋ ಅಲ್ಲವೋ ಆಗ ನನಗೆ ತಿಳಿಯಲಿಲ್ಲ.

ಮಗಳಿಗೆ ಈ ಪ್ರಯಾಣ ಕಿಂಚಿತ್ತೂ ಇಷ್ಟವಿರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಲಾ ನಿನಾ ಎಂಬ ಹವಾಮಾನ ಸ್ಥಿತಿ ಸತತ ಮೂರನೆಯ ವರ್ಷ ಪೂರ್ವ ಆಸ್ಟ್ರೇಲಿಯಾವನ್ನು ನೆನೆಸುತ್ತಿತ್ತು. ಅಕ್ಟೋಬರ್ 6ರಂದು ಸಿಡ್ನಿ ನಗರ, 1950ರಲ್ಲಿ ಬಿದ್ದಿದ್ದ 2,194 ಮಿ.ಮೀ. ಮಳೆಯ ವಾರ್ಷಿಕ ದಾಖಲೆಯನ್ನು ಮುರಿಯಿತು. ವರ್ಷ ಮುಗಿಯಲು ಇನ್ನೂ ಸುಮಾರು ಮೂರು ತಿಂಗಳು ಉಳಿದಿತ್ತು. ಆಗುಂಬೆಯನ್ನು ಬಲ್ಲ ನಮಗೆ ಈ ಅಂಕಿ ದೊಡ್ಡದೆನಿಸುವುದಿಲ್ಲ. ಆದರೆ 2017ರಿಂದ 2019ರವರೆಗೆ ಭೀಕರ ಬರವನ್ನು ಕಂಡು, ಅದರ ಬೆನ್ನಿಗೇ ಕಾಡ್ಗಿಚ್ಚನ್ನೂ ಅನುಭವಿಸಿದ್ದ ನೆಲದ ಮೇಲೆ ಬಿದ್ದ ಮಳೆ ಇದು. ಅಣೆಕಟ್ಟುಗಳು ತುಂಬಿದ್ದವು, ಮಣ್ಣು ಇನ್ನು ಕುಡಿಯಲಾರೆನೆನ್ನುವಷ್ಟು ಕುಡಿದಿತ್ತು, ಇನ್ನೊಂದು ಅಂಗುಲ ಮಳೆ ಬಂದರೂ ಅದು ನೇರವಾಗಿ ಹೊಳೆಗೇ ಇಳಿಯಬೇಕಿತ್ತು.

ಅಂತೂ ಅಕ್ಟೋಬರ್ ಎರಡನೇ ವಾರ ಮಗಳ ಕಾರಿನಲ್ಲಿ ಹೊರಟೆವು. ಅಲ್ಲಿಯೂ ವಾಹನಗಳು ನಮ್ಮಂತೆಯೇ ರಸ್ತೆಯ ಎಡಬದಿಯಲ್ಲಿ ಚಲಿಸುತ್ತವೆ. ಹಾಗಾಗಿ ಚಾಲನೆ ಕಷ್ಟವಾಗಲಿಲ್ಲ. ಡಿಕ್ಕಿಯಲ್ಲಿ ಡೇರೆ, ಎರಡು ಹಾಸಿಗೆ ಚೀಲ, ಸಣ್ಣ ಗ್ಯಾಸ್ ಒಲೆ, ಅವಲಕ್ಕಿ, ಹುರಿದ ರವೆ, ಚಟ್ನಿಪುಡಿ. ಬ್ಲೂ ಮೌಂಟನ್ಸ್ ಎಂಬ ಬೆಟ್ಟಸಾಲನ್ನು ಹತ್ತುವಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಪ್ರಸಿದ್ಧವಾದ ಯಾವ ನೋಟವೂ ನಮಗೆ ಕಾಣಲಿಲ್ಲ. 1813ರವರೆಗೆ ಈ ಬೆಟ್ಟಗಳನ್ನು ದಾಟುವ ದಾರಿ ವಲಸೆ ಬಂದ ಬಿಳಿಯರಿಗೆ ತಿಳಿದಿರಲಿಲ್ಲ. ಆಚೆ ಬದಿಯ ಬಯಲಿನಲ್ಲಿದ್ದ ವಿರಾಡ್ಜುರಿ ಜನರಿಗಂತೂ ಸಾವಿರಾರು ವರ್ಷಗಳಿಂದ ದಾರಿಗಳು ಗೊತ್ತಿದ್ದವು. ಕೈದಿಗಳಿಂದ ರಸ್ತೆ ಮಾಡಿಸಿ, 1815ರಲ್ಲಿ ಬ್ಯಾಥರ್ಸ್ಟ್ ಪಟ್ಟಣವನ್ನು ಸ್ಥಾಪಿಸಿದರು. ಒಂಬತ್ತೇ ವರ್ಷಗಳಲ್ಲಿ, 1824ರಲ್ಲಿ, ಅದೇ ಸೀಮೆಯಲ್ಲಿ ವಿರಾಡ್ಜುರಿಗಳ ಪ್ರತಿರೋಧವನ್ನು ಅಡಗಿಸಲು ಮಾರ್ಷಲ್ ಲಾ ಘೋಷಿಸಬೇಕಾಯಿತು. ಕಂದಾಯ ಇಲಾಖೆಯಲ್ಲಿ ಕೆಲಸ ಮಾಡಿದವನಿಗೆ ಜಮೀನಿನ ಮೊದಲ ದಾಖಲೆ ಯಾವುದು, ಅದಕ್ಕೂ ಹಿಂದೆ ಯಾರಿದ್ದರು ಎಂಬ ಪ್ರಶ್ನೆ ತಾನಾಗಿ ಹುಟ್ಟುತ್ತದೆ, ಅದು ರೂಢಿದೋಷ.

ಆರೆಂಜ್ ಪಟ್ಟಣ ದಾಟಿದ ಮೇಲೆ ದೇಶದ ಸ್ವರೂಪವೇ ಬದಲಾಗುತ್ತದೆ. ಅಲೆಅಲೆಯಾದ ಗುಡ್ಡಗಳು, ನಡುವೆ ಕಣ್ಣು ಕೋರೈಸುವ ಹಳದಿ ಬಣ್ಣದ ಕನೋಲಾ ಹೊಲಗಳು. ನಮ್ಮ ಸಾಸಿವೆಯ ದಾಯಾದಿ ಬೆಳೆ ಅದು, ಎಣ್ಣೆಗಾಗಿ ಬೆಳೆಯುತ್ತಾರೆ. ಹೊಲದ ತಗ್ಗಿನಲ್ಲೆಲ್ಲ ನೀರು ನಿಂತು, ಹಳದಿಯ ನಡುವೆ ಬೂದುಬಣ್ಣದ ತೇಪೆಗಳು ಕಾಣುತ್ತಿದ್ದವು. ರಸ್ತೆಗಳು ನಮ್ಮ ಜಿಲ್ಲಾ ಮುಖ್ಯರಸ್ತೆಗಳನ್ನು ನಾಚಿಸುವಷ್ಟು ಗುಂಡಿ ಬಿದ್ದಿದ್ದವು. ಒಬ್ಬನೇ ಗುತ್ತಿಗೆದಾರ ಎರಡೂ ದೇಶಗಳಲ್ಲಿ ಕೆಲಸ ಹಿಡಿದಿರಬೇಕು ಎಂದು ನನ್ನ ಪತ್ನಿ ನಕ್ಕಳು.

ರಸ್ತೆ ತಗ್ಗಿಗಿಳಿಯುವ ಪ್ರತಿಯೊಂದು ಕಡೆಯಲ್ಲೂ ಅಳತೆಯ ಗುರುತು ಬರೆದ ಒಂದು ಬಿಳಿ ಕಂಬವಿರುತ್ತದೆ. ನೀರು ರಸ್ತೆಯ ಮೇಲೆ ಎಷ್ಟು ಎತ್ತರ ಹರಿಯುತ್ತಿದೆ ಎಂಬುದನ್ನು ಯಾರನ್ನೂ ಕೇಳದೆ ಕಾರಿನಲ್ಲಿ ಕುಳಿತೇ ಓದಬಹುದು. ಯಾವ ರಸ್ತೆ ಮುಚ್ಚಿದೆ ಎಂಬುದನ್ನು ಸ್ಥಳೀಯ ಕೌನ್ಸಿಲ್‌ಗಳು ದಿನಕ್ಕೆ ಹಲವು ಬಾರಿ ಪ್ರಕಟಿಸುತ್ತವೆ. ಒಂದು ಕಂಬಕ್ಕೆ ಹೆಚ್ಚೆಂದರೆ ಎಷ್ಟು ಖರ್ಚಾದೀತು? ನಮ್ಮ ಹಳ್ಳಗಳಲ್ಲಿ ಮಳೆಗಾಲದಲ್ಲಿ ದಾಟಲು ಹೋಗಿ ಕೊಚ್ಚಿಹೋದವರ ಪಂಚನಾಮೆಗಳಿಗೆ ನಾನು ಸಹಿ ಹಾಕಿದ್ದೇನೆ. ಅಂಥ ಕಂಬವೊಂದನ್ನು ನೆಡಿಸಬೇಕೆಂದು ಆ ದಿನಗಳಲ್ಲಿ ನನಗೆ ಹೊಳೆದಿರಲಿಲ್ಲ.

ಮೊಲಾಂಗ್ ಊರಿನ ಹೊರಗೆ ಯುರಾನಿ ಎಂಬಾತನ ಸಮಾಧಿ ಇದೆ. ಥಾಮಸ್ ಮಿಚೆಲ್ ಎಂಬ ಸರ್ವೇಯರ್ ಜನರಲ್ ಒಳನಾಡಿನ ಶೋಧಯಾತ್ರೆ ಮಾಡಿದಾಗ ಜೊತೆಗಿದ್ದ ವಿರಾಡ್ಜುರಿ ಮಾರ್ಗದರ್ಶಿ ಆತ, 1850ರಲ್ಲಿ ತೀರಿಕೊಂಡ. ತನ್ನವರ ಪದ್ಧತಿಯಂತೆ ಸುತ್ತಲಿನ ಮರಗಳಲ್ಲಿ ಕೆತ್ತಿದ ಗುರುತುಗಳು, ಯುರೋಪಿನ ಪದ್ಧತಿಯ ಶಿಲೆ, ಎರಡೂ ಒಂದೇ ಸಮಾಧಿಗಿವೆ. ಕೊಡೆ ಹಿಡಿದು ಹತ್ತು ನಿಮಿಷ ನಿಂತಿದ್ದೆವು. ಬೇರಾರೂ ಇರಲಿಲ್ಲ.

ಆ ಸಂಜೆ ತಲಪಿದ್ದು ಯೂಗೌರಾ ಎಂಬ ಊರಿಗೆ. ಆರೆಂಜ್‌ನಿಂದ ಫೋರ್ಬ್ಸ್‌ಗೆ ಹೋಗುವ ಎಸ್ಕಾರ್ಟ್ ವೇ ರಸ್ತೆಯಲ್ಲಿ, ಮ್ಯಾಂಡಜರಿ ಎಂಬ ತೊರೆಯ ದಂಡೆಯಲ್ಲಿರುವ ಊರು. ಜನಸಂಖ್ಯೆ ಎಂಟುನೂರರೊಳಗೆ. ರಸ್ತೆಯ ಹೆಸರಿಗೂ ಒಂದು ಕಥೆಯಿದೆ. 1862ರ ಜೂನ್‌ನಲ್ಲಿ ಫೋರ್ಬ್ಸ್‌ನ ಚಿನ್ನದ ಗಣಿಗಳಿಂದ ಪೊಲೀಸ್ ಬೆಂಗಾವಲಿನಲ್ಲಿ ಹೊರಟ ಗಾಡಿಯನ್ನು ಊರಿನ ಸಮೀಪದ ಬಂಡೆಯ ಮರೆಯಲ್ಲಿ ಅಡಗಿದ್ದ ಫ್ರಾಂಕ್ ಗಾರ್ಡಿನರ್‌ನ ತಂಡ ದೋಚಿತು; ಸುಮಾರು 14,000 ಪೌಂಡ್ ಮೌಲ್ಯದ ಚಿನ್ನ ಮತ್ತು ನಗದು ಹೋಯಿತು. ದರೋಡೆಯಾದವರ ಹೆಸರಿಗಿಂತ ದರೋಡೆಕೋರರ ಹೆಸರು ಬಾಳುತ್ತದೆ. ಊರಿನ ಗೋಡೆಗಳ ಮೇಲೆ ಊರಿನ ಇತಿಹಾಸವನ್ನು ಸಾರುವ ದೊಡ್ಡ ದೊಡ್ಡ ಚಿತ್ರಗಳನ್ನು ಬರೆಸಿದ್ದಾರೆ. ಹಾದುಹೋಗುವ ಪ್ರವಾಸಿ ಒಂದು ಗಂಟೆ ನಿಂತು ಕಾಫಿ ಕುಡಿಯಲಿ ಎಂಬ ಆಸೆ.

ಇಂಥ ಊರುಗಳ ಅರ್ಥವ್ಯವಸ್ಥೆ ಸರಳವಾಗಿದೆ, ಅಷ್ಟೇ ಕಠಿಣವೂ ಆಗಿದೆ. ಯಂತ್ರಗಳು ದೊಡ್ಡದಾದಂತೆ ಜಮೀನುಗಳು ಒಂದಕ್ಕೊಂದು ಸೇರಿ ದೊಡ್ಡದಾದವು. ಹಿಂದೆ ನಾಲ್ಕೈದು ಕುಟುಂಬಗಳು ಮಾಡುತ್ತಿದ್ದ ಬೇಸಾಯವನ್ನು ಈಗ ಒಂದು ಕುಟುಂಬ ಮಾಡುತ್ತದೆ. ಬೆಳೆ ಕಡಿಮೆಯಾಗಿಲ್ಲ, ಬೆಳೆಯುವವರು ಕಡಿಮೆಯಾಗಿದ್ದಾರೆ. ಜನ ತಗ್ಗಿದಂತೆ ಬ್ಯಾಂಕಿನ ಶಾಖೆ ಮುಚ್ಚುತ್ತದೆ, ಆಮೇಲೆ ಅಂಗಡಿ, ಆಮೇಲೆ ಶಾಲೆಯ ಒಂದು ತರಗತಿ. ನಗರದ ಲೆಕ್ಕಾಚಾರದಲ್ಲಿ ಉಳಿಯಬಾರದಾಗಿದ್ದ ಊರುಗಳು ಇವು. ಉಳಿದಿರುವುದು ಬಹುಮಟ್ಟಿಗೆ ಸಂಬಳವಿಲ್ಲದೆ ದುಡಿಯುವವರಿಂದ. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಕಾಡ್ಗಿಚ್ಚು ನಂದಿಸುವ ಗ್ರಾಮೀಣ ಅಗ್ನಿಶಾಮಕ ಪಡೆಯಲ್ಲಿ ಸುಮಾರು 70,000 ಸ್ವಯಂಸೇವಕರಿದ್ದಾರೆ. ನೆರೆ ಬಂದರೆ ದೋಣಿ ಇಳಿಸುವ ರಾಜ್ಯ ತುರ್ತು ಸೇವೆ, 1955ರಲ್ಲಿ ಹಂಟರ್ ಕಣಿವೆಯ ಮಹಾಪ್ರವಾಹದ ನಂತರ ಹುಟ್ಟಿದ ಸಂಸ್ಥೆ. ಅದೂ ಸ್ವಯಂಸೇವಕರ ಮೇಲೆಯೇ ನಿಂತಿದೆ. ಹಳ್ಳಿಯ ಹೆಣ್ಣುಮಕ್ಕಳ ಒಂಟಿತನವನ್ನೂ ವೈದ್ಯಕೀಯ ಸೌಲಭ್ಯವಿಲ್ಲದ ಬಾಣಂತಿಯರ ಕಷ್ಟವನ್ನೂ ನೋಡಿ ಆರಂಭಿಸಿದ ಕಂಟ್ರಿ ವಿಮೆನ್ಸ್ ಅಸೋಸಿಯೇಷನ್‌ಗೆ ನಾವು ಹೋದ ವರ್ಷ ನೂರು ತುಂಬಿತ್ತು.

ಷೋಗ್ರೌಂಡ್ ಎಂಬುದು ಪ್ರತಿ ಊರಿನಲ್ಲೂ ಇರುವ ಜಾತ್ರೆಯ ಬಯಲು. ವರ್ಷಕ್ಕೊಮ್ಮೆ ಅಲ್ಲಿ ಕುರಿ, ದನ, ಕುದುರೆಗಳ ಪ್ರದರ್ಶನ. ಜೊತೆಗೆ ಯಾರ ಕೇಕು ರುಚಿ, ಯಾರ ಕುಂಬಳಕಾಯಿ ದೊಡ್ಡದು, ಯಾರ ಹೆಣಿಗೆ ನಯ ಎಂಬ ಸ್ಪರ್ಧೆ. ಉಳಿದ ದಿನಗಳಲ್ಲಿ ನಮ್ಮಂಥ ದಾರಿಹೋಕರು ಅಲ್ಪ ಶುಲ್ಕ ಕೊಟ್ಟು ಡೇರೆ ಹೂಡಬಹುದು. ಬಿಸಿನೀರು, ಶೌಚಾಲಯ ಇರುತ್ತವೆ. ಅನೇಕ ಕಡೆ ಹಣ ಪಡೆಯಲು ಯಾರೂ ಇರುವುದಿಲ್ಲ. ಲಕೋಟೆಯಲ್ಲಿ ಹಾಕಿ ಕಬ್ಬಿಣದ ಪೆಟ್ಟಿಗೆಗೆ ಇಳಿಸಿದರಾಯಿತು. ಲೆಕ್ಕಪರಿಶೋಧನೆಯ ಆಕ್ಷೇಪಣೆಗಳಿಗೆ ಉತ್ತರ ಬರೆದು ಸವೆದ ನನಗೆ ಆ ಪೆಟ್ಟಿಗೆಯನ್ನು ಕಂಡು ಮೊದಲ ದಿನ ಒಂದು ರೀತಿಯ ಗಾಬರಿಯೇ ಆಯಿತು.

ಮಳೆ ಸ್ವಲ್ಪ ಬಿಟ್ಟಿದ್ದಾಗ ಡೇರೆ ಹೂಡಿದೆವು. ಅದೂ ಒಂದು ಕಲೆ; ನಮಗೆ ಮುಕ್ಕಾಲು ಗಂಟೆ ಹಿಡಿಯಿತು. ಬಯಲಿನಲ್ಲಿ ಬೇರೆ ಡೇರೆಗಳಿರಲಿಲ್ಲ, ಒಂದು ಕಾರವಾನ್ ಮಾತ್ರ ದೂರದಲ್ಲಿ ನಿಂತಿತ್ತು. ಉಪ್ಪಿಟ್ಟು ಮಾಡಿಕೊಂಡು ತಿಂದು, ಎಂಟಕ್ಕೆಲ್ಲ ಮಲಗಿದೆವು. ಹತ್ತರ ಸುಮಾರಿಗೆ ಮಳೆ ಮತ್ತೆ ಹಿಡಿಯಿತು. ಡೇರೆಯ ಬಟ್ಟೆಯ ಮೇಲೆ ಬೀಳುವ ಮಳೆಯ ಸದ್ದು ಹೆಂಚಿನ ಮನೆಯಲ್ಲಿ ಕೇಳುವಂಥದ್ದಲ್ಲ. ನಮ್ಮ ಮೈಮೇಲೆಯೇ ಯಾರೋ ಕಾಳು ಸುರಿಯುತ್ತಿರುವಂತೆ ಇರುತ್ತದೆ. ಹಾಸಿಗೆಯ ಅಂಚು ತೇವವಾಗಿತ್ತು. ಆದರೂ ಒಳಗೆ ಬೆಚ್ಚಗಿತ್ತು. ಆ ಬೆಚ್ಚನೆಯನ್ನು ಬಿಟ್ಟು ಏಳುವುದು ಬೇಡವೆನಿಸುವಂತಿತ್ತು.

ಹನ್ನೊಂದು ಗಂಟೆಗೆ ಟಾರ್ಚಿನ ಬೆಳಕು ಕಾಣಿಸಿತು. ಬಯಲನ್ನು ನೋಡಿಕೊಳ್ಳುವ ಹೆಂಗಸು. ಎಪ್ಪತ್ತು ದಾಟಿದವರು, ಮೊಣಕಾಲೆತ್ತರದ ರಬ್ಬರ್ ಬೂಟು, ಉದ್ದನೆಯ ಮಳೆಯಂಗಿ. ತೊರೆ ಏರುತ್ತಿದೆ, ಬೆಳಗಿನ ಹೊತ್ತಿಗೆ ಏನಾಗುತ್ತದೆಂದು ಹೇಳಲಾಗದು, ಈಗಲೇ ಕಾರನ್ನು ಗಟ್ಟಿ ರಸ್ತೆಗೆ ತಂದು ನೀವು ಪೆವಿಲಿಯನ್‌ನೊಳಗೆ ಮಲಗುವುದು ಒಳ್ಳೆಯದು ಎಂದರು.

ನಾನು ಒಪ್ಪಲಿಲ್ಲ. ಡೇರೆ ಭದ್ರವಾಗಿದೆ ಎಂದೆ. ತೊರೆ ದೂರವಿದೆ ಎಂದೆ. ಮಳೆ ಕಡಿಮೆಯಾಗುತ್ತಿರುವಂತಿದೆ ಎಂದೂ ಹೇಳಿದೆ. ಅದು ಸುಳ್ಳೆಂದು ಮಳೆಯೇ ಹೇಳುತ್ತಿತ್ತು. ಆಗ ಕತ್ತಲೊಳಗಿಂದ ನನ್ನ ಪತ್ನಿ ಕನ್ನಡದಲ್ಲಿ ಮೆಲ್ಲನೆ ಅಂದಳು: ‘ರೀ, ಆ ಎಮ್ಮೆಯ ಅಜ್ಜಿಯೂ ಇದನ್ನೇ ಹೇಳಿದ್ದಲ್ಲವೇ?’

ಇಲ್ಲಿ ಹದಿಮೂರು ವರ್ಷ ಹಿಂದಕ್ಕೆ ಹೋಗಬೇಕು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲಲ್ಲಿ ಉತ್ತರ ಕರ್ನಾಟಕದಲ್ಲಿ ಬಿದ್ದ ಮಳೆಗೆ 200ಕ್ಕೂ ಹೆಚ್ಚು ಜನ ಸತ್ತರು, ಮಣ್ಣಿನ ಮನೆಗಳ ಊರುಗಳೇ ಕುಸಿದವು. ನದಿತೀರದ ಕೆಲವು ಹಳ್ಳಿಗಳ ಜನರನ್ನು ಸ್ಥಳಾಂತರಿಸುವ ಹೊಣೆ ನನಗೆ ಬಿದ್ದಿತ್ತು. ಒಂದು ಹಳ್ಳಿಯಲ್ಲಿ ಎಲ್ಲರೂ ಟ್ರ್ಯಾಕ್ಟರ್ ಹತ್ತಿದರೂ ಒಬ್ಬ ಮುದುಕಿ ಹತ್ತಲಿಲ್ಲ. ‘ಎಮ್ಮಿ ಬಿಟ್ಟು ನಾ ಎಲ್ಲಿಗೆ ಬರ್ಲಿ ಸಾಹೇಬ್ರ?’ ಎಂದಳು. ಎಮ್ಮೆಗೆ ಟ್ರ್ಯಾಕ್ಟರಿನಲ್ಲಿ ಜಾಗವಿರಲಿಲ್ಲ; ಜಾಗ ಮಾಡಬಹುದೇ ಎಂದು ನಾನು ಯೋಚಿಸಲೂ ಇಲ್ಲ. ನಿದ್ದೆಗೆಟ್ಟು ಎರಡು ದಿನವಾಗಿತ್ತು. ಬೈದೆ. ಇಬ್ಬರು ಸಿಬ್ಬಂದಿ ಅವಳನ್ನು ಎತ್ತಿ ಕೂರಿಸಿದರು. ಜೀವ ಉಳಿಯಿತು, ಎಮ್ಮೆ ಉಳಿಯಲಿಲ್ಲ. ವರದಿಯಲ್ಲಿ ಆ ಹಳ್ಳಿಯ ಎದುರು ‘ಪ್ರಾಣಹಾನಿ ಇಲ್ಲ’ ಎಂದು ಬರೆದೆ. ಆ ರಾತ್ರಿ ಮನೆಗೆ ಫೋನ್ ಮಾಡಿ ಹೆಮ್ಮೆಯಿಂದ ಹೇಳಿಕೊಂಡದ್ದೂ ಹೌದು. ನನ್ನ ಪತ್ನಿ ಅದನ್ನು ಮರೆತಿರಲಿಲ್ಲ.

ಯೂಗೌರಾದ ಆ ಹೆಂಗಸು ನನ್ನೊಡನೆ ವಾದಕ್ಕಿಳಿಯಲಿಲ್ಲ. ಡೇರೆಯೊಳಕ್ಕೆ ಒಮ್ಮೆ ಟಾರ್ಚು ಬಿಟ್ಟು, ‘ಮೊದಲು ಯಾವುದನ್ನು ಎತ್ತಿಕೊಳ್ಳಲಿ?’ ಎಂದು ಕೇಳಿದರು. ಅಷ್ಟೇ. ಆ ಪ್ರಶ್ನೆಗೆ ‘ಬರುವುದಿಲ್ಲ’ ಎಂಬ ಉತ್ತರ ಹೊಂದುವುದಿಲ್ಲ. ನನ್ನ ಪತ್ನಿ ಔಷಧಿಯ ಚೀಲವನ್ನು ಅವರ ಕೈಗಿತ್ತಳು. ಹತ್ತು ನಿಮಿಷದಲ್ಲಿ ನಾವು ಪೆವಿಲಿಯನ್‌ನೊಳಗಿದ್ದೆವು. ಗೋಡೆಯ ಮೇಲೆ ಹಳೆಯ ವರ್ಷಗಳ ಬಹುಮಾನಿತರ ಪಟ್ಟಿ, ಮೂಲೆಯಲ್ಲಿ ಮಡಚಿಟ್ಟ ಮೇಜುಗಳು, ಉಣ್ಣೆಯ ಮತ್ತು ಹಳೆಯ ಮರದ ವಾಸನೆ. ಅವರು ಚಹಾ ಮಾಡಿದರು. ನಾವು ಚಟ್ನಿಪುಡಿ ಹಚ್ಚಿದ ಬ್ರೆಡ್ ಕೊಟ್ಟೆವು. ಕೆಮ್ಮುತ್ತಲೇ ಎರಡು ತುಂಡು ತಿಂದರು.

ತೊರೆಯನ್ನು ಆಗಾಗ ನೋಡಿಕೊಂಡು ಬರುತ್ತ ಅವರು ಮಾತನಾಡಿದರು. ಬರದ ಕಾಲದಲ್ಲಿ ಇದೇ ತೊರೆಯಲ್ಲಿ ಹೆಜ್ಜೆ ಒದ್ದೆಯಾಗದಂತೆ ನಡೆದದ್ದು, ಕೊಂಡುತಂದ ಹುಲ್ಲಿಗೆ ಹಣ ಸಾಲದೆ ನೆರೆಯ ರೈತ ಕುರಿಗಳನ್ನು ಮಾರಿದ್ದು. ಮ್ಯಾಂಡಜರಿ ತೊರೆ ಲಾಕ್ಲನ್ ನದಿಯನ್ನು ಸೇರುತ್ತದೆ. ಆ ಲಾಕ್ಲನ್ ಸುಮಾರು 1,400 ಕಿ.ಮೀ. ಹರಿದೂ ಸಾಮಾನ್ಯ ವರ್ಷಗಳಲ್ಲಿ ಸಮುದ್ರಕ್ಕಾಗಲಿ ದೊಡ್ಡ ನದಿಗಾಗಲಿ ಮುಟ್ಟುವುದಿಲ್ಲ, ಪಶ್ಚಿಮದ ಜೌಗಿನಲ್ಲಿ ಹರಡಿ ಇಂಗುತ್ತದೆ. ಅಂಥ ನದಿ ಸೊಕ್ಕಿದರೆ ನೀರಿಗೆ ಹೋಗಲು ಅವಸರವಿಲ್ಲ. ಫೋರ್ಬ್ಸ್‌ನಂಥ ಬಯಲಿನ ಊರುಗಳಲ್ಲಿ ದಿನಗಟ್ಟಲೆ ನಿಲ್ಲುತ್ತದೆ. ಆದರೆ ಯೂಗೌರಾ ಬೆಟ್ಟದ ಬುಡದ ಊರು. ‘ಇಲ್ಲಿ ನೀರು ಬೇಗ ಬರುತ್ತದೆ, ಬೇಗ ಹೋಗುತ್ತದೆ’ ಎಂದರು ಆ ಹೆಂಗಸು.

ಆ ರಾತ್ರಿ ನೀರು ಬರಲಿಲ್ಲ. ಬೆಳಿಗ್ಗೆ ನೋಡಿದರೆ ನಮ್ಮ ಡೇರೆ ಒದ್ದೆಯಾಗಿ, ಒಂದು ಕಡೆ ವಾಲಿ, ಹುಲ್ಲಿನ ಮೇಲೆ ಹಾಗೆಯೇ ನಿಂತಿತ್ತು. ನನಗೆ ಸ್ವಲ್ಪ ಗೆದ್ದಂತೆ ಅನಿಸಿತೆಂಬುದನ್ನು ಮುಚ್ಚಿಡಬಾರದು. ಅವರಿಗೆ ಯಾವ ಸಂಕೋಚವೂ ಆದಂತೆ ಕಾಣಲಿಲ್ಲ. ವಿಪತ್ತು ನಿರ್ವಹಣೆಯಲ್ಲಿ ಇದೊಂದು ಬಗೆಹರಿಯದ ಲೆಕ್ಕ. ಪ್ರತಿ ಸಲ ಎಬ್ಬಿಸಿದರೆ, ಮೂರನೆಯ ಸಲ ಜನ ಏಳುವುದಿಲ್ಲ. ಎಬ್ಬಿಸದೆ ಬಿಟ್ಟ ಒಂದು ಸಲವೇ ನೀರು ಬರಬಹುದು. ಹುಸಿ ಎಚ್ಚರಿಕೆಯ ವೆಚ್ಚವನ್ನು ಅರ್ಥಶಾಸ್ತ್ರದ ಸೂತ್ರದಲ್ಲಿ ಬರೆಯಬಹುದು. ನಡುರಾತ್ರಿ ಬೂಟು ತೊಟ್ಟು ಬಯಲಿಗೆ ಬರಬೇಕಾದವರು ಯಾರು ಎಂಬುದು ಆ ಸೂತ್ರದಲ್ಲಿರುವುದಿಲ್ಲ.

ಫೋರ್ಬ್ಸ್ ಕಡೆಗಿನ ರಸ್ತೆಗಳ ಸ್ಥಿತಿ ಚೆನ್ನಾಗಿರಲಿಲ್ಲ. ಪಾರ್ಕ್ಸ್ ಬಳಿಯ ಪ್ರಸಿದ್ಧ ರೇಡಿಯೊ ದೂರದರ್ಶಕವನ್ನು ನೋಡುವ ನನ್ನ ಆಸೆಯನ್ನು ಬಿಟ್ಟು, ಎರಡು ದಿನ ಕಾದು, ದಕ್ಷಿಣಕ್ಕೆ ತಿರುಗಿದೆವು. ಕ್ಯಾನೌಂಡ್ರಾ ಎಂಬಲ್ಲಿ 1955ರಲ್ಲಿ ರಸ್ತೆ ಕೆಲಸದವರಿಗೆ ಸಿಕ್ಕಿದ ಬಂಡೆಯಲ್ಲಿ ಸುಮಾರು 36 ಕೋಟಿ ವರ್ಷ ಹಿಂದಿನ ಮೀನುಗಳ ಪಳೆಯುಳಿಕೆಗಳಿದ್ದವು; ಬತ್ತಿದ ಕೊಳವೊಂದರಲ್ಲಿ ಒಟ್ಟೊಟ್ಟಿಗೆ ಸತ್ತ ಮೀನುಗಳು. ಅದನ್ನೂ ಕೌರಾದ ಜಪಾನಿ ಉದ್ಯಾನವನ್ನೂ ಮಳೆಯಲ್ಲಿಯೇ ನೋಡಿ, ಮರುದಿನ ಗಂಡಗಾಯ್ ತಲಪಿದೆವು.

ಗಂಡಗಾಯ್‌ಗೆ ಹೋಗಲೇಬೇಕೆಂದು ಹೇಳಿದವರು ಯೂಗೌರಾದ ಆ ಹೆಂಗಸೇ. ಮರಂಬಿಜಿ ನದಿಯ ತಗ್ಗಿನ ಬಯಲಿನಲ್ಲಿ ಮೊದಲು ಊರು ಕಟ್ಟಿದಾಗ, ಇಲ್ಲಿ ನೀರು ಬರುತ್ತದೆ ಎಂದು ವಿರಾಡ್ಜುರಿಗಳು ಎಚ್ಚರಿಸಿದ್ದರು. ಸರ್ವೇ ನಕ್ಷೆ ಆಗಲೇ ಸಿದ್ಧವಾಗಿತ್ತು, ನಿವೇಶನಗಳು ಹಂಚಿಕೆಯಾಗಿದ್ದವು. 1852ರ ಜೂನ್ 24ರ ರಾತ್ರಿ ನದಿ ಊರಿನ ಮೇಲೆ ಹರಿದು, ಸುಮಾರು 250 ಜನರ ಆ ಊರಿನಲ್ಲಿ ಸುಮಾರು 80 ಜನ ಸತ್ತರು. ಮರದ ತೊಗಟೆಯ ಹಗುರ ದೋಣಿಯಲ್ಲಿ ಮತ್ತೆ ಮತ್ತೆ ಹೋಗಿ, ಮರಗಳಿಗೂ ಛಾವಣಿಗಳಿಗೂ ಅಂಟಿಕೊಂಡಿದ್ದ 60ಕ್ಕೂ ಹೆಚ್ಚು ಜನರನ್ನು ದಡಕ್ಕೆ ತಂದವರು ಯಾರಿ, ಜಾಕಿ ಜಾಕಿ ಮೊದಲಾದ ವಿರಾಡ್ಜುರಿ ಗಂಡಸರು. ನೆಲ ಕಳೆದುಕೊಂಡವರು ನೆಲ ಪಡೆದವರನ್ನು ಎತ್ತಿದರು. ಆಮೇಲೆ ಊರನ್ನು ಮೇಲಿನ ಗುಡ್ಡಕ್ಕೆ ಸಾಗಿಸಲಾಯಿತು. ಅವರಿಬ್ಬರ ಕಂಚಿನ ಪ್ರತಿಮೆ ನಿಂತದ್ದು 2017ರಲ್ಲಿ. ಪ್ರತಿಮೆಯ ಎದುರು ನನ್ನ ಪತ್ನಿ ಚಪ್ಪಲಿ ಬಿಟ್ಟು ನಿಂತಳು. ಕೆಳಗೆ, ಒಂದು ಕಾಲದ ಊರು ಇದ್ದೆಡೆ ಈಗ ಬಯಲು. ಅದರ ಮೇಲೆ ಹಾಯುವ ಉದ್ದನೆಯ ಹಳೆಯ ಮರದ ರೈಲ್ವೆ ಸೇತುವೆ ನದಿ ಎಷ್ಟು ಅಗಲ ಹರಡಬಲ್ಲದೆಂಬುದನ್ನು ತೋರಿಸುತ್ತಿತ್ತು.

ಸಿಡ್ನಿಗೆ ಮರಳಿ ಒಂದು ತಿಂಗಳಾಗಿರಲಿಲ್ಲ. ನವೆಂಬರ್ 14, ಸೋಮವಾರ. ಹಿಂದಿನ ರಾತ್ರಿ ಮೇಲಿನ ಗುಡ್ಡಗಳಲ್ಲಿ ಸುರಿದ ಮಳೆ ಬೆಳಿಗ್ಗೆ ಮೊಲಾಂಗನ್ನು ಹೊಕ್ಕು, ಮ್ಯಾಂಡಜರಿ ತೊರೆಯ ಮೂಲಕ ಯೂಗೌರಾದ ಮೇಲೆ ಬಂದೆರಗಿತು. ಏರುವ ನೀರಾಗಿ ಬರಲಿಲ್ಲ, ಗೋಡೆಯಂತೆ ಬಂತು ಎಂದರು ಕಂಡವರು. ಮನೆಗಳು ಬುಡದಿಂದ ಕಿತ್ತು ರಸ್ತೆಗೆ ಬಂದವು. ಜನರನ್ನು ಛಾವಣಿಗಳಿಂದ ಹೆಲಿಕಾಪ್ಟರಿನಲ್ಲಿ ಎತ್ತಬೇಕಾಯಿತು. ಇಬ್ಬರು ಸತ್ತರು. ಊರಿನ ಬಹುಪಾಲು ಮನೆ, ಅಂಗಡಿಗಳಿಗೆ ಹಾನಿಯಾಯಿತು. ಎಚ್ಚರಿಕೆ ತಡವಾಗಿ ಬಂತೆಂದು ಊರಿನವರು ನೊಂದು ಹೇಳಿದರು.

ಟಿ.ವಿ.ಯಲ್ಲಿ ನಾವು ಕಾಫಿ ಕುಡಿದಿದ್ದ ಬೀದಿಯನ್ನು ಗುರುತಿಸಿದ್ದು ನನ್ನ ಪತ್ನಿ. ಆ ಹೆಂಗಸಿನ ಫೋನ್ ನಂಬರ್ ಅವಳ ಬಳಿಯಿತ್ತು. ಸಂದೇಶ ಕಳಿಸಿದಳು. ಒಂದು ದಿನ ಉತ್ತರವಿಲ್ಲ, ಎರಡು ದಿನ ಉತ್ತರವಿಲ್ಲ. ಆ ದಿನಗಳಲ್ಲಿ ನಾವಿಬ್ಬರೂ ಊಟದ ಮೇಜಿನ ಮೇಲೆ ಆ ಫೋನನ್ನು ಇಟ್ಟುಕೊಂಡೇ ಕೂರುತ್ತಿದ್ದೆವು. ಐದನೆಯ ದಿನ ಬಂತು: ‘ಇದ್ದೇನೆ. ನಾಯಿಯೂ ಇದೆ. ಮನೆಯೊಳಗೆ ಕೆಸರು.’

ಇಂಥ ಊರುಗಳನ್ನು ಇದ್ದಲ್ಲೇ ಮತ್ತೆ ಕಟ್ಟಬೇಕೇ, ಎತ್ತರಕ್ಕೆ ಒಯ್ಯಬೇಕೇ? ಕ್ವೀನ್ಸ್‌ಲ್ಯಾಂಡ್‌ನ ಗ್ರಾಂಥಮ್ ಎಂಬ ಊರಿನಲ್ಲಿ 2011ರ ಜನವರಿಯ ಪ್ರವಾಹಕ್ಕೆ 12 ಜನ ಬಲಿಯಾದಾಗ, ಸ್ಥಳೀಯ ಕೌನ್ಸಿಲ್ ಪಕ್ಕದ ಗುಡ್ಡದ ಜಮೀನು ಕೊಂಡು, ತಗ್ಗಿನ ನಿವೇಶನಕ್ಕೆ ಬದಲಾಗಿ ಎತ್ತರದ ನಿವೇಶನ ಕೊಟ್ಟಿತು. ಹಂಚಿಕೆ ಲಾಟರಿಯಿಂದ, ಬರುವುದು ಬಿಡುವುದು ಅವರವರ ಇಚ್ಛೆ. ಆ ವರ್ಷದ ಡಿಸೆಂಬರಿಗೆ ಮೊದಲ ಕುಟುಂಬ ಹೊಸ ಮನೆಗೆ ಹೋಯಿತು. ಹಳೆಯ ಊರು ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿತ್ತು ಎಂಬುದನ್ನು ನಾವು ಗಮನಿಸಬೇಕು.

2009ರ ನೆರೆಯ ನಂತರ ನಮ್ಮಲ್ಲಿಯೂ ‘ಆಸರೆ’ ಯೋಜನೆಯಲ್ಲಿ ದಾನಿಗಳ ನೆರವಿನಿಂದ ಹೊಸ ಬಡಾವಣೆಗಳು ಎದ್ದವು. ಸದುದ್ದೇಶದ ಬಗ್ಗೆ ಸಂದೇಹವಿಲ್ಲ. ಆ ಕಡತಗಳಲ್ಲಿ ನನ್ನ ಸಹಿಯೂ ಇದೆ. ಅನೇಕ ಮನೆಗಳು ವರ್ಷಗಟ್ಟಲೆ ಖಾಲಿ ಉಳಿದವು. ಹೊಲ ದೂರವಾಯಿತು. ಸಾಲುಸಾಲಾಗಿ ನಿಂತ ಆ ಮನೆಗಳಲ್ಲಿ ದನ ಕಟ್ಟಲು, ಮೇವು ಒಟ್ಟಲು ಜಾಗವಿರಲಿಲ್ಲ. ಎಮ್ಮೆಯ ಅಜ್ಜಿಗೂ ಒಂದು ಮನೆ ಮಂಜೂರಾಗಿತ್ತು. ಅವಳು ಒಮ್ಮೆ ನೋಡಿಕೊಂಡು ಹೋಗಿ ಮತ್ತೆ ಬರಲಿಲ್ಲವೆಂದು ಗ್ರಾಮ ಲೆಕ್ಕಿಗರು ಹೇಳಿದ್ದರು. ‘ಫಲಾನುಭವಿಯ ನಿರಾಸಕ್ತಿ’ ಎಂದು ನಾವು ಷರಾ ಬರೆದೆವು. ಯಾವುದನ್ನು ಮೊದಲು ಎತ್ತಲಿ ಎಂದು ಅವಳನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

2024ರ ಏಪ್ರಿಲ್‌ನಲ್ಲಿ ಮತ್ತೆ ಸಿಡ್ನಿಗೆ ಹೋದಾಗ ಯೂಗೌರಾಗೂ ಹೋಗಿಬಂದೆವು. ಒಂದೂವರೆ ವರ್ಷ ಸಂದಿತ್ತು. ಹಲವು ನಿವೇಶನಗಳಲ್ಲಿ ಮನೆಯಿದ್ದೆಡೆ ಹುಲ್ಲು ಬೆಳೆದಿತ್ತು. ಕೆಲವರು ಅಂಗಳದಲ್ಲೇ ಕಾರವಾನ್ ನಿಲ್ಲಿಸಿಕೊಂಡು ಬದುಕುತ್ತ, ಮನೆಯನ್ನು ತಾವೇ ದುರಸ್ತಿ ಮಾಡುತ್ತಿದ್ದರು. ಆ ಹೆಂಗಸೂ ಹಾಗೆಯೇ ಇದ್ದರು. ಪ್ರವಾಹಕ್ಕೆ ವಿಮೆ ಮಾಡಿಸಲು ಕೇಳುವ ಕಂತು ತನ್ನ ಪಿಂಚಣಿಗೆ ನಿಲುಕುವಂಥದ್ದಲ್ಲ, ಹಾಗಾಗಿ ಹಿಂದೆಯೂ ಮಾಡಿಸಿರಲಿಲ್ಲ ಎಂದರು. ಅಪಾಯ ಖಚಿತವಾದೆಡೆ ವಿಮೆಯ ಮಾರುಕಟ್ಟೆ ಹಿಂದೆ ಸರಿಯುತ್ತದೆ, ಯಾರಿಗೆ ಅದು ಅತ್ಯಗತ್ಯವೋ ಅವರಿಗೇ ಅದು ಸಿಗುವುದಿಲ್ಲ ಎಂದು ನಾನು ಎಂ.ಎ. ತರಗತಿಯಲ್ಲಿ ಓದಿದ್ದೆ. 2022ರ ಪ್ರವಾಹಗಳಲ್ಲಿ ವಿಮಾ ಕಂಪನಿಗಳು ನಡೆದುಕೊಂಡ ರೀತಿಯ ಬಗ್ಗೆ ಆ ದೇಶದ ಸಂಸತ್ತಿನ ಸಮಿತಿಯೊಂದು ವಿಚಾರಣೆ ನಡೆಸಿ 2024ರ ಅಕ್ಟೋಬರಿನಲ್ಲಿ ವರದಿ ಕೊಟ್ಟಿತು. ಅದು ಬೇರೆಯೇ ಲೇಖನದ ವಿಷಯ.

ಊರು ಬಿಟ್ಟು ಹೋಗಬೇಕೆನಿಸಲಿಲ್ಲವೇ ಎಂದು ಕೇಳಿದೆ. ಅಧಿಕಾರಿಯಾಗಿ ಕೇಳುತ್ತಿದ್ದ ಧಾಟಿಯಲ್ಲೇ ಕೇಳಿದೆನೇನೋ. ಅವರು ನನ್ನನ್ನು ಒಳಗೆ ಕರೆದೊಯ್ದು ಗೋಡೆಯ ಮೇಲೆ ಎದೆಮಟ್ಟಕ್ಕಿಂತ ಎತ್ತರದಲ್ಲಿದ್ದ ಕಂದು ಗೆರೆಯನ್ನು ತೋರಿಸಿದರು. ಉಳಿದ ಗೋಡೆಗಳಿಗೆಲ್ಲ ಬಣ್ಣವಾಗಿತ್ತು, ಅದೊಂದನ್ನು ಹಾಗೆಯೇ ಬಿಟ್ಟಿದ್ದರು. ಮಗ ಆರೆಂಜ್‌ಗೆ ಬಾ ಎನ್ನುತ್ತಾನೆ, ಹೋಗುವುದಾದರೆ ನಾಯಿಯನ್ನು ಎಲ್ಲಿ ಓಡಾಡಿಸಲಿ, ಷೋಗ್ರೌಂಡ್ ಬೀಗದ ಕೈ ಯಾರಿಗೆ ಕೊಡಲಿ ಎಂದರು. ಉತ್ತರಕ್ಕಾಗಿ ಕೇಳಿದ ಪ್ರಶ್ನೆಗಳಲ್ಲ ಅವು. ನನ್ನ ಪತ್ನಿ ತಂದಿದ್ದ ಚಟ್ನಿಪುಡಿಯ ಡಬ್ಬಿ ಕೊಟ್ಟಳು. ಈ ಸಲ ಖಾರ ಕಡಿಮೆ ಹಾಕಿದ್ದಳು.

ಡೇರೆ ಎಲ್ಲಿ ಹೂಡಲಿ ಎಂದು ಕೇಳಿದೆವು. ಅವರು ಜಾಗ ತೋರಿಸಿದರು, ನಾವು ವಾದ ಮಾಡದೆ ಅಲ್ಲೇ ಹೂಡಿದೆವು. ಆಕಾಶ ತಿಳಿಯಾಗಿತ್ತು, ರಾತ್ರಿಯಿಡೀ ಒಂದು ಹನಿಯೂ ಬೀಳಲಿಲ್ಲ. ಆದರೂ ಮಲಗುವ ಮುನ್ನ ನನ್ನ ಪತ್ನಿ ಔಷಧಿಯ ಚೀಲವನ್ನೂ ನಮ್ಮಿಬ್ಬರ ಪಾಸ್‌ಪೋರ್ಟ್‌ಗಳನ್ನೂ ಕಾರಿನಲ್ಲಿಟ್ಟು ಬಂದಳು. ನಾನು ಕಾರನ್ನು ರಸ್ತೆಗೆ ಮುಖಮಾಡಿ ನಿಲ್ಲಿಸಿದೆ.